‘ಮಳೆ ಬರಲು ಶುರುವಾಗುತ್ತಿದೆ’: ಇಂಗ್ಲಿಷಿನಲ್ಲಿ ಎರಡು ‘ಇಂಗ್’ ಪಕ್ಕಪಕ್ಕ ಬಂದಾಗ

ಪ್ರೌಢಶಾಲಾ ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಆರಿದ್ರಾ ಮಳೆ ಹಿಡಿದುಕೊಂಡಿದ್ದ ವಾರದಲ್ಲಿ ಒಂಬತ್ತನೆಯ ತರಗತಿಯ ಮಕ್ಕಳಿಗೆ, ಕಿಟಕಿಯಾಚೆ ಕಾಣುವುದನ್ನೇ ಐದು ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಲು ಹೇಳಿದ್ದೆ. ಸ್ವಲ್ಪ ಹೊತ್ತು ಬಿಡುವು ಕೊಟ್ಟಿದ್ದ ಮಳೆ ಆಗಷ್ಟೇ ಮತ್ತೆ ಹನಿಯತೊಡಗಿತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ‘ಇಟ್ ಈಸ್ ಸ್ಟಾರ್ಟಿಂಗ್ ರೇನಿಂಗ್’ ಎಂದು ಬರೆದಿದ್ದಳು. ನಾನು ಕೆಂಪು ಶಾಯಿಯಲ್ಲಿ ಎರಡನೆಯ ‘ಇಂಗ್’ ಹೊಡೆದುಹಾಕಿ, ‘ಟು ರೇನ್’ ಎಂದು ತಿದ್ದಿದೆ.

ಆಕೆ ಪುಸ್ತಕ ಹಿಡಿದುಕೊಂಡು ಮೇಜಿನ ಬಳಿಗೆ ಬಂದಳು. ‘ಇಟ್ ಈಸ್ ರೇನಿಂಗ್’ ಸರಿ, ‘ಇಟ್ ಸ್ಟಾರ್ಟೆಡ್ ರೇನಿಂಗ್’ ಕೂಡ ಸರಿ ಎಂದು ಹೋದ ತಿಂಗಳು ನಾನೇ ಬರೆಸಿದ್ದೆ. ಎರಡೂ ಸರಿಯಾದ ಮೇಲೆ ಸೇರಿಸಿದ್ದು ಹೇಗೆ ತಪ್ಪಾಯಿತು, ಮೇಡಂ, ಎಂದು ಕೇಳಿದಳು. ಪಕ್ಕದ ಹುಡುಗ ‘ವಿ ಆರ್ ಗೋಯಿಂಗ್ ಫಿಶಿಂಗ್’ ಎಂದು ಬರೆದಿದ್ದಕ್ಕೆ ನಾನು ಸರಿ ಗುರುತು ಹಾಕಿದ್ದನ್ನೂ ತೋರಿಸಿದಳು. ಅದರಲ್ಲಿಯೂ ಎರಡು ‘ಇಂಗ್’ಗಳಿದ್ದವು. ‘ಹಾಗೆ ಹೇಳುವುದಿಲ್ಲ’ ಎಂಬುದಷ್ಟೇ ನನ್ನ ಬಳಿ ಇದ್ದ ಉತ್ತರ. ಪ್ರಶ್ನೆ ಕೇಳುವ ಮಗುವಿಗೆ ಅದು ಸಾಲದು ಎಂದು ನನಗೆ ಅನ್ನಿಸಿತು. ಎರಡು ‘ಇಂಗ್’ ಪದಗಳು ಜೊತೆಯಾಗಿ ಯಾವಾಗ ನಿಲ್ಲುತ್ತವೆ, ಯಾವಾಗ ನಿಲ್ಲುವುದಿಲ್ಲ ಎಂಬುದನ್ನು ಕನ್ನಡದ ಮಕ್ಕಳಿಗೆ ಅರ್ಥವಾಗುವಂತೆ ವಿವರಿಸುವ ದಾರಿ ಗೊತ್ತಿದ್ದವರು ದಯವಿಟ್ಟು ತಿಳಿಸಬೇಕು.

ನಿವೃತ್ತ ಇಂಗ್ಲಿಷ್ ಉಪನ್ಯಾಸಕ, ಸಾಗರ

ಮೇಡಂ, ನಿಮ್ಮ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ಸಣ್ಣದಲ್ಲ. ಜಾನ್ ರಾಬರ್ಟ್ ರಾಸ್ ಎಂಬ ಅಮೆರಿಕದ ಭಾಷಾವಿಜ್ಞಾನಿ 1972ರಲ್ಲಿ ಇದೇ ವಿಷಯದ ಮೇಲೆ ಒಂದು ದೀರ್ಘ ಲೇಖನ ಬರೆದರು. ಅವರ ಉದಾಹರಣೆಯೂ ಮಳೆಯದೇ. ‘ಇಟ್ ಕಂಟಿನ್ಯೂಡ್ ರೇನಿಂಗ್’ ಎನ್ನಬಹುದು, ‘ಇಟ್ ಈಸ್ ಕಂಟಿನ್ಯೂಯಿಂಗ್ ಟು ರೇನ್’ ಎನ್ನಬಹುದು, ಆದರೆ ‘ಇಟ್ ಈಸ್ ಕಂಟಿನ್ಯೂಯಿಂಗ್ ರೇನಿಂಗ್’ ಎಂದರೆ ಇಂಗ್ಲಿಷ್ ಮಾತೃಭಾಷೆಯವರ ಕಿವಿಗೆ ಕಟುವಾಗಿ ಕೇಳಿಸುತ್ತದೆ. ಈ ನಿರ್ಬಂಧಕ್ಕೆ ಅವರು ‘ಡಬ್ಲಿಂಗ್’ ಎಂಬ ಹೆಸರನ್ನೇ ಕೊಟ್ಟರು. ‘ಎರಡಾಗುವುದು’ ಎಂಬ ಪದದ ಕೊನೆಯಲ್ಲಿಯೇ ‘ಇಂಗ್’ ಇರುವುದರಿಂದ ಆ ಹೆಸರು ತಾನಾಗಿಯೇ ಒದಗಿತ್ತು. ಇದಕ್ಕೆ ಕಾರಣವೇನೆಂಬ ಚರ್ಚೆ ಅಲ್ಲಿಂದ ಮುಂದೆ ಹಲವು ದಶಕಗಳ ಕಾಲ ವಿದ್ವಾಂಸರ ನಡುವೆ ನಡೆಯಿತು. ಒಂಬತ್ತನೆಯ ತರಗತಿಯ ಹುಡುಗಿ ತಾನಾಗಿಯೇ ಅಲ್ಲಿಗೆ ಬಂದು ನಿಂತಿದ್ದಾಳೆ ಎಂಬುದನ್ನು ಆಕೆಗೆ ತಪ್ಪದೆ ಹೇಳಿ.

ತರಗತಿಯಲ್ಲಿ ಹೇಳುವಷ್ಟು ಸರಳವಾಗಿ ಇದನ್ನು ಹೀಗೆ ವಿವರಿಸಬಹುದು. ಸ್ಟಾರ್ಟ್, ಬಿಗಿನ್, ಕಂಟಿನ್ಯೂ ಎಂಬ ಕ್ರಿಯಾಪದಗಳಿಗೆ ಸ್ವಂತದ್ದಾದ ಕೆಲಸವಿಲ್ಲ. ‘ಮಳೆ ಬರಲು ಶುರುವಾಯಿತು’ ಎಂದಾಗ ಅಲ್ಲಿ ನಡೆದದ್ದು ಮಳೆ ಬರುವುದೊಂದೇ, ‘ಶುರುವಾಗುವುದು’ ಅದರ ಒಂದು ಹಂತ ಮಾತ್ರ. ಇಂತಹ ಹಂತಸೂಚಕ ಕ್ರಿಯಾಪದವು ಒಮ್ಮೆ ‘ಇಂಗ್’ ರೂಪ ತಾಳಿದರೆ, ಅದರ ಬೆನ್ನಿಗೆ ಬರುವ ಮುಖ್ಯ ಕ್ರಿಯಾಪದ ‘ಇಂಗ್’ ಬಿಟ್ಟು ‘ಟು’ ರೂಪಕ್ಕೆ ಸರಿಯುತ್ತದೆ. ‘ಇಟ್ ಈಸ್ ಸ್ಟಾರ್ಟಿಂಗ್ ಟು ರೇನ್’, ‘ದಿ ಪ್ಯಾಡಿ ಈಸ್ ಬಿಗಿನಿಂಗ್ ಟು ರೈಪನ್’ ಎನ್ನುವುದು ಹೀಗಾಗಿಯೇ. ಹಂತಸೂಚಕ ಪದ ಸ್ವತಃ ‘ಇಂಗ್’ನಲ್ಲಿ ಇಲ್ಲದಿದ್ದರೆ ಎರಡು ರೂಪಗಳೂ ನಡೆಯುತ್ತವೆ: ‘ಸ್ಟಾರ್ಟೆಡ್ ರೇನಿಂಗ್’, ‘ಸ್ಟಾರ್ಟೆಡ್ ಟು ರೇನ್’.

‘ಗೋಯಿಂಗ್ ಫಿಶಿಂಗ್’ ಬೇರೆ ಬಗೆಯದು. ಹಿಂದಿನ ಇಂಗ್ಲಿಷಿನಲ್ಲಿ ಅದು ‘ಗೋ ಅ-ಫಿಶಿಂಗ್’ ಎಂದಿತ್ತು. ಆ ‘ಅ’ ಎಂಬುದು ‘ಆನ್’ ಎಂಬ ಪದದ ಸವೆದ ರೂಪ. ಮೀನುಬೇಟೆಗೆ ಹೋಗುವುದು ಎಂದು ನಾವು ಚತುರ್ಥಿ ವಿಭಕ್ತಿ ಹಚ್ಚಿ ಹೇಳುವ ಹಾಗೆಯೇ ಅದು. ಕಾಲಕ್ರಮದಲ್ಲಿ ‘ಅ’ ಉದುರಿತು, ಎರಡು ‘ಇಂಗ್’ಗಳು ಅಕ್ಕಪಕ್ಕಕ್ಕೆ ಬಂದವು. ಅಲ್ಲಿ ಹೋಗುವುದು ಮೀನು ಹಿಡಿಯುವುದರ ಒಂದು ಹಂತವಲ್ಲ, ಅದೇ ಒಂದು ಕೆಲಸ. ಆದ್ದರಿಂದ ಮೇಲಿನ ನಿರ್ಬಂಧ ಅದಕ್ಕೆ ಹತ್ತುವುದಿಲ್ಲ.

ಆದರೆ ಒಂದು ಎಚ್ಚರಿಕೆ ಬೇಕು. ಈ ‘ಗೋಯಿಂಗ್’ ಜೋಡಿ ಬೇಟೆ, ಈಜು, ಚಾರಣ, ಪೇಟೆಯ ಖರೀದಿ, ಅಣಬೆ ಆರಿಸುವುದು ಮುಂತಾದ ತಿರುಗಾಟದ ಕೆಲಸಗಳಿಗೆ ಸೀಮಿತ. ‘ಗೋಯಿಂಗ್ ಸ್ಟಡಿಯಿಂಗ್’ ಎನ್ನಲಾಗದು. ಎರಡನೆಯ ಪದಕ್ಕೆ ಅದರದೇ ಕರ್ಮಪದವೊಂದು ಅದರ ನಂತರ ಬಂದರೂ ಜೋಡಿ ಮುರಿಯುತ್ತದೆ. ಮೊದಲ ಮಳೆಗೆ ಗದ್ದೆಗೆ ಹತ್ತುವ ಮೀನು ಹಿಡಿಯಲು ಹೊರಟ ಹುಡುಗರು ‘ಗೋಯಿಂಗ್ ಫಿಶಿಂಗ್’ ಎನ್ನಬಹುದು, ಇಲ್ಲವೇ ‘ಗೋಯಿಂಗ್ ಟು ಕ್ಯಾಚ್ ಫಿಶ್’ ಎನ್ನಬಹುದು. ‘ಗೋಯಿಂಗ್ ಕ್ಯಾಚಿಂಗ್ ಫಿಶ್’ ಎನ್ನಬಾರದು.

ಕನ್ನಡ ಶಿಕ್ಷಕ, ಹೊಸನಗರ

ಉಪನ್ಯಾಸಕರು ಇಂಗ್ಲಿಷಿನ ಕಡೆಯಿಂದ ಹೇಳಿದ್ದನ್ನು ನಾನು ಕನ್ನಡದ ಕಡೆಯಿಂದ ಹೇಳಲು ಬಯಸುತ್ತೇನೆ, ಏಕೆಂದರೆ ಈ ಮಕ್ಕಳ ಕೈಯಲ್ಲಿ ಬೇಕಾದ ಸಲಕರಣೆ ಆಗಲೇ ಇದೆ. ಪ್ರೌಢಶಾಲೆಯ ಕನ್ನಡ ವ್ಯಾಕರಣದಲ್ಲಿ ಕೃದಂತಗಳ, ಅಂದರೆ ಕ್ರಿಯಾಧಾತುವಿನಿಂದ ಹುಟ್ಟುವ ಪದಗಳ, ಪಾಠ ಬರುತ್ತದೆ. ಕೃದಂತನಾಮ, ಕೃದಂತಭಾವನಾಮ, ಕೃದಂತಾವ್ಯಯ ಎಂಬ ಮೂರು ಬಗೆಗಳನ್ನು ಮಕ್ಕಳು ಉರು ಹೊಡೆದು ಪರೀಕ್ಷೆಯಲ್ಲಿ ಬರೆದು ಮರೆಯುತ್ತಾರೆ. ಆ ಪಾಠದ ನಿಜವಾದ ಉಪಯೋಗ ಇಂಗ್ಲಿಷ್ ತರಗತಿಯಲ್ಲಿದೆ ಎಂದು ನಾನು ಬಹಳ ಕಾಲದಿಂದ ನಂಬಿದ್ದೇನೆ.

ಬಸ್ ನಿಲ್ದಾಣದ ನಲ್ಲಿಯ ಮೇಲೆ ಬರೆದಿರುವ ‘ಡ್ರಿಂಕಿಂಗ್ ವಾಟರ್’ ಎಂಬ ಎರಡೇ ಪದಗಳನ್ನು ತೆಗೆದುಕೊಳ್ಳಿ. ಫಲಕದ ಮೇಲೆ ಅದು ‘ಕುಡಿಯುವ ನೀರು’. ‘ಹಿ ಈಸ್ ಡ್ರಿಂಕಿಂಗ್ ವಾಟರ್’ ಎಂದಾಗ ಅವನು ‘ನೀರು ಕುಡಿಯುತ್ತಿದ್ದಾನೆ’, ಅಂದರೆ ‘ಕುಡಿಯುತ್ತಾ ಇದ್ದಾನೆ’. ‘ಡ್ರಿಂಕಿಂಗ್ ವಾಟರ್ ಈಸ್ ಗುಡ್ ಫಾರ್ ಹೆಲ್ತ್’ ಎಂದಾಗ ‘ನೀರು ಕುಡಿಯುವುದು ಆರೋಗ್ಯಕ್ಕೆ ಒಳ್ಳೆಯದು’. ಇಂಗ್ಲಿಷಿನಲ್ಲಿ ಅಕ್ಷರವೂ ಬದಲಾಗಲಿಲ್ಲ. ಕನ್ನಡದಲ್ಲಿ ‘ಕುಡಿಯುವ’ ಎಂಬುದು ಕೃದಂತನಾಮ, ‘ಕುಡಿಯುತ್ತಾ’ ಎಂಬುದು ಕೃದಂತಾವ್ಯಯ, ‘ಕುಡಿಯುವುದು’ ಎಂಬುದು ಕೃದಂತಭಾವನಾಮ. ಇಂಗ್ಲಿಷಿನ ಒಂದು ‘ಇಂಗ್’ ನಮ್ಮಲ್ಲಿ ಮೂರು ಪ್ರತ್ಯಯಗಳಾಗಿ ಹರಡಿಕೊಂಡಿದೆ.

ಹಾಗಾಗಿ ಎರಡು ‘ಇಂಗ್’ ಪದಗಳು ಜೊತೆಯಾಗಿ ಬಂದಾಗ ನಾನು ಮಕ್ಕಳಿಗೆ ಕೇಳುವ ಪ್ರಶ್ನೆ ಒಂದೇ: ಇದರಲ್ಲಿ ಯಾವುದು ‘ಉತ್ತಾ’, ಯಾವುದು ‘ಉವುದು’, ಯಾವುದು ‘ಉವ’? ‘ಶಿ ಈಸ್ ಅವಾಯ್ಡಿಂಗ್ ಮೀಟಿಂಗ್ ಹಿಮ್’ ಎಂದರೆ ‘ಅವನನ್ನು ಭೇಟಿಯಾಗುವುದನ್ನು ತಪ್ಪಿಸುತ್ತಿದ್ದಾಳೆ’. ಮೊದಲನೆಯದು ‘ಉತ್ತಾ’, ಎರಡನೆಯದು ‘ಉವುದು’. ಎರಡು ಬೇರೆ ಬೇರೆ ಪಾತ್ರಗಳು, ಆದ್ದರಿಂದ ಜೊತೆಯಲ್ಲಿ ನಿಂತವು. ‘ಮಳೆ ಬರಲು ಶುರುವಾಗುತ್ತಿದೆ’ ಎಂಬಲ್ಲಿ ಕನ್ನಡವೂ ‘ಬರುತ್ತಾ ಶುರುವಾಗುತ್ತಿದೆ’ ಎನ್ನುವುದಿಲ್ಲ. ‘ಬರಲು’, ‘ಬರಲಿಕ್ಕೆ’, ಮನೆಮಾತಿನಲ್ಲಿ ‘ಬರೋಕೆ’ ಎನ್ನುತ್ತದೆ. ‘ಅಲು’ ಬಂದ ಕಡೆ ಇಂಗ್ಲಿಷಿನ ‘ಟು’ ಎಂದು ಮಕ್ಕಳಿಗೆ ಹೇಳಿದರೆ ಮೇಡಂ ಅವರ ವಿದ್ಯಾರ್ಥಿನಿಗೆ ಉತ್ತರ ತನ್ನ ಮಾತಿನಲ್ಲಿಯೇ ಸಿಗುತ್ತದೆ.

ಪ್ರಸಂಗವಶಾತ್ ಇನ್ನೊಂದು ಮಾತು. ‘ಸ್ಲೀಪಿಂಗ್ ಚೈಲ್ಡ್’ ಎಂದರೆ ಮಲಗಿರುವ ಮಗು, ‘ಸ್ಲೀಪಿಂಗ್ ಬ್ಯಾಗ್’ ಎಂದರೆ ಮಲಗಲು ಬಳಸುವ ಚೀಲ ಎಂಬ ವ್ಯತ್ಯಾಸವನ್ನು ಇಂಗ್ಲಿಷಿನ ವಿಚಿತ್ರವೆಂದು ಕೆಲವರು ಹೇಳುವುದುಂಟು. ‘ಹರಿಯುವ ನೀರು’ ಎಂದಾಗ ಹರಿಯುವುದು ನೀರೇ, ‘ಮಲಗುವ ಕೋಣೆ’ ಎಂದಾಗ ಮಲಗುವುದು ಕೋಣೆಯಲ್ಲ. ನಮ್ಮ ‘ಉವ’ ಕೂಡ ಆ ಎರಡು ಕೆಲಸಗಳನ್ನು ಸಲೀಸಾಗಿ ಮಾಡುತ್ತದೆ.

ಅಡಿಕೆ ಬೆಳೆಗಾರ, ಹೋಂಸ್ಟೇ ನಡೆಸುವವರು, ಕೊಪ್ಪದ ಕಡೆ

ಮೇಷ್ಟ್ರ ಮಾತು ಓದಿ ನನಗೆ ನನ್ನದೇ ಒಂದು ತಪ್ಪು ನೆನಪಾಯಿತು. ಮನೆಗೆ ಬರುವ ಅತಿಥಿಗಳಿಗೆಂದು ತೋಟದ ಕೆಲಸವನ್ನು ವಿವರಿಸುವ ಇಂಗ್ಲಿಷ್ ಹಾಳೆಯೊಂದನ್ನು ನಾನೇ ಬರೆದು ಜಗಲಿಯಲ್ಲಿ ತೂಗುಹಾಕಿದ್ದೆ. ಮನಸ್ಸಿನಲ್ಲಿ ಇದ್ದದ್ದು ‘ಹಸಿ ಅಡಿಕೆ ಸುಲಿದು, ಚೊಗರು ಹಾಕಿ ಬೇಯಿಸಿ, ಚಪ್ಪರದ ಮೇಲೆ ಒಣಗಿಸುತ್ತೇವೆ’ ಎಂಬ ಕನ್ನಡ ವಾಕ್ಯ. ಹಾಳೆಯಲ್ಲಿ ಇಳಿದದ್ದು ‘ಪೀಲಿಂಗ್ ದಿ ನಟ್ಸ್, ಬಾಯ್ಲಿಂಗ್ ದೆಮ್, ವಿ ಆರ್ ಡ್ರೈಯಿಂಗ್ ದೆಮ್’. ಇಂಗ್ಲಿಷ್ ಚೆನ್ನಾಗಿ ಬಲ್ಲ ಅತಿಥಿಯೊಬ್ಬರು ಅದನ್ನು ಓದಿ, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಮೂರೂ ಒಂದೇ ಹೊತ್ತಿಗೆ ಹೇಗೆ ಸಾಧ್ಯವೆಂದು ಸೌಮ್ಯವಾಗಿ ಕೇಳಿದರು.

ನಾವು ‘ಸುಲಿದು’, ‘ಬೇಯಿಸಿ’ ಎಂದಾಗ ಒಂದು ಮುಗಿದ ಮೇಲೆ ಇನ್ನೊಂದು ಎಂಬ ಅರ್ಥ ತಾನಾಗಿ ಬರುತ್ತದೆ. ‘ಸುಲಿಯುತ್ತಾ’ ಎಂದರೆ ಮಾತ್ರ ಜೊತೆಜೊತೆಗೆ ಎಂಬ ಅರ್ಥ. ಎರಡೂ ಕೃದಂತಾವ್ಯಯಗಳೇ ಆದರೂ ಕಾಲ ಬೇರೆ. ಇಂಗ್ಲಿಷಿನ ‘ಇಂಗ್’ ಸಾಮಾನ್ಯವಾಗಿ ನಮ್ಮ ‘ಉತ್ತಾ’ದ ಹತ್ತಿರ ನಿಲ್ಲುತ್ತದೆಯೇ ಹೊರತು ‘ಸುಲಿದು’ ಎಂಬುದರ ಹತ್ತಿರವಲ್ಲ ಎಂಬುದು ನನಗೆ ಅಂದು ಅರ್ಥವಾಯಿತು. ಈಗ ಹಾಳೆಯಲ್ಲಿ ‘ವಿ ಪೀಲ್ ದಿ ಗ್ರೀನ್ ನಟ್ಸ್, ಬಾಯ್ಲ್ ದೆಮ್ ಅಂಡ್ ದೆನ್ ಡ್ರೈ ದೆಮ್’ ಎಂದಿದೆ.

ಇನ್ನೊಂದು ಸಂದೇಹವಿದೆ. ಪೇಟೆಯ ಮಂಡಿಯ ಕಡೆಯವರ ಜೊತೆ ಮಾತನಾಡುವಾಗ ‘ಧಾರಣೆ ಏರುತ್ತಾ ಹೋಗುತ್ತಿದೆ’ ಎನ್ನುತ್ತೇವೆ. ಹೊರರಾಜ್ಯದ ವ್ಯಾಪಾರಿಗೆ ಇಂಗ್ಲಿಷಿನಲ್ಲಿ ಬರೆಯಬೇಕಾದಾಗ ‘ದಿ ಪ್ರೈಸ್ ಈಸ್ ಗೋಯಿಂಗ್ ಆನ್ ಇನ್‌ಕ್ರೀಸಿಂಗ್’ ಎಂದು ಬರೆದೆ. ಇದು ಸರಿಯೇ?

ಅನುವಾದಕಿ, ಶಿವಮೊಗ್ಗ

ಸರ್, ನಿಮ್ಮ ಕೊನೆಯ ವಾಕ್ಯದ ಇಂಗ್ಲಿಷ್ ಪದಗಳೊಳಗೆ ಕನ್ನಡದ ಉಸಿರಿದೆ. ‘ಏರುತ್ತಾ ಹೋಗು’, ‘ಹೇಳುತ್ತಾ ಬರು’, ‘ಕೇಳುತ್ತಲೇ ಇರು’ ಎಂಬ ನಮ್ಮ ಸಂಯುಕ್ತ ಕ್ರಿಯಾಪದಗಳಲ್ಲಿ ಹೋಗುವುದೂ ಬರುವುದೂ ತಮ್ಮ ಮೂಲ ಅರ್ಥ ಬಿಟ್ಟು ಬರೀ ನಿರಂತರತೆಯನ್ನು ಸೂಚಿಸುತ್ತವೆ. ಅದೇ ಅರ್ಥಕ್ಕೆ ಇಂಗ್ಲಿಷಿನಲ್ಲಿ ‘ಕೀಪ್’ ಇದೆ, ಮತ್ತು ಆ ‘ಕೀಪ್’ ತಾನು ‘ಇಂಗ್’ ತೊಡುವುದು ಬಹಳ ಕಡಿಮೆ. ‘ದಿ ಪ್ರೈಸ್ ಕೀಪ್ಸ್ ರೈಸಿಂಗ್’ ಎಂದರೆ ಮುಗಿಯಿತು. ‘ಹಿ ಈಸ್ ಕೀಪಿಂಗ್ ಆಸ್ಕಿಂಗ್’ ಎಂದು ಬರೆಯುವ ಬದಲು ‘ಹಿ ಕೀಪ್ಸ್ ಆಸ್ಕಿಂಗ್’ ಎನ್ನಬೇಕು. ಮಳೆ ಸುರಿಯುತ್ತಲೇ ಇದ್ದರೆ ‘ಇಟ್ ಕೀಪ್ಸ್ ರೇನಿಂಗ್’. ‘ಲೇ’ ಎಂಬ ಅವಧಾರಣೆಯ ಭಾರವನ್ನು ‘ಕೀಪ್ಸ್’ ಒಂದೇ ಹೊತ್ತುಕೊಳ್ಳುತ್ತದೆ.

ಆದರೆ ಕನ್ನಡ ಮೇಷ್ಟ್ರ ಸೂತ್ರದ ಬಗ್ಗೆ ನನಗೊಂದು ಆಕ್ಷೇಪವಿದೆ, ಅದನ್ನು ಗೌರವದಿಂದಲೇ ಹೇಳುತ್ತೇನೆ. ‘ಉವುದು’ ಬಂದ ಕಡೆ ‘ಇಂಗ್’, ‘ಅಲು’ ಬಂದ ಕಡೆ ‘ಟು’ ಎಂಬುದು ಬಹಳ ಕಡೆ ನಿಲ್ಲುತ್ತದೆ. ‘ಸೇದುವುದನ್ನು ಬಿಟ್ಟ’ ಎಂದರೆ ‘ಸ್ಟಾಪ್ಡ್ ಸ್ಮೋಕಿಂಗ್’, ‘ಸೇದಲು ನಿಂತ’ ಎಂದರೆ ‘ಸ್ಟಾಪ್ಡ್ ಟು ಸ್ಮೋಕ್’. ಇಲ್ಲಿ ಸೂತ್ರ ಕನ್ನಡಿಯಷ್ಟು ಸ್ಪಷ್ಟ. ಆದರೆ ‘ಬಾಗಿಲು ಹಾಕುವುದನ್ನು ಮರೆತೆ’ ಎಂಬ ವಾಕ್ಯ ನೋಡಿ. ಸೂತ್ರದಂತೆ ‘ಐ ಫರ್ಗಾಟ್ ಲಾಕಿಂಗ್ ದಿ ಡೋರ್’ ಎಂದಾಗಬೇಕು, ಆದರೆ ಅದು ಬೇರೆಯೇ ಅರ್ಥ ಕೊಡುತ್ತದೆ. ಬಾಗಿಲು ಹಾಕಿದ್ದೆ, ಹಾಕಿದ ಸಂಗತಿ ನೆನಪಿನಲ್ಲಿ ಉಳಿಯಲಿಲ್ಲ ಎಂದು ಅದರ ಅರ್ಥ. ನಮಗೆ ಬೇಕಾದದ್ದು ‘ಐ ಫರ್ಗಾಟ್ ಟು ಲಾಕ್ ದಿ ಡೋರ್’.

ಇಲ್ಲಿ ಕನ್ನಡ ನಮ್ಮ ಕೈಬಿಡಲಿಲ್ಲ, ನಾವು ಅದರ ಇನ್ನೊಂದು ಪ್ರತ್ಯಯವನ್ನು ಗಮನಿಸಲಿಲ್ಲ ಅಷ್ಟೇ. ‘ಹಾಕುವುದನ್ನು ಮರೆತೆ’ ಮತ್ತು ‘ಹಾಕಿದ್ದನ್ನು ಮರೆತೆ’ ಎಂಬ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿ ಕೆಲಸ ನಡೆದೇ ಇಲ್ಲ, ಅದು ‘ಟು’. ಎರಡನೆಯದರಲ್ಲಿ ಕೆಲಸ ನಡೆದುಹೋಗಿದೆ, ಅದು ‘ಇಂಗ್’. ‘ರಿಮೆಂಬರ್’ ಎಂಬುದಕ್ಕೂ ಇದೇ ನ್ಯಾಯ. ‘ಬೀಗ ಹಾಕಿದ್ದು ನೆನಪಿದೆ’ ಎಂದರೆ ‘ಐ ರಿಮೆಂಬರ್ ಲಾಕಿಂಗ್’. ‘ಬೀಗ ಹಾಕಲು ನೆನಪಿಟ್ಟುಕೋ’ ಎಂದರೆ ‘ರಿಮೆಂಬರ್ ಟು ಲಾಕ್’. ಇಂಗ್ಲಿಷ್ ಈ ವ್ಯತ್ಯಾಸವನ್ನು ‘ಟು’ ಮತ್ತು ‘ಇಂಗ್’ಗಳ ನಡುವೆ ಹಂಚಿದೆ, ಕನ್ನಡ ಅದನ್ನು ಭೂತ ಮತ್ತು ಭವಿಷ್ಯತ್ ಕೃದಂತಗಳ ನಡುವೆ ಹಂಚಿದೆ. ಅನುವಾದದ ಮೇಜಿನ ಮುಂದೆ ಕೂತವರಿಗೆ ಈ ಒಂದು ಜೋಡಿ ಎಷ್ಟೋ ತಪ್ಪುಗಳನ್ನು ತಪ್ಪಿಸುತ್ತದೆ. ನಾನು ಒಮ್ಮೆ ಕಾನೂನು ಪತ್ರವೊಂದರಲ್ಲಿ ‘ರಿಮೆಂಬರ್ಸ್ ಸೈನಿಂಗ್’ ಎಂಬುದನ್ನು ‘ಸಹಿ ಹಾಕುವುದನ್ನು ನೆನಪಿಟ್ಟುಕೊಳ್ಳುತ್ತಾನೆ’ ಎಂದು ಬರೆದು, ಕಳುಹಿಸುವ ಮೊದಲು ಮತ್ತೊಮ್ಮೆ ಓದಿದಾಗ ಬೆವತಿದ್ದೆ. ಅವನು ಸಹಿ ಹಾಕಿದ್ದಾನೋ ಇಲ್ಲವೋ ಎಂಬುದೇ ಅಲ್ಲಿನ ವಿವಾದವಾಗಿತ್ತು.

ಕನ್ನಡ ಶಿಕ್ಷಕ, ಹೊಸನಗರ

ಆಕ್ಷೇಪವನ್ನು ಸಂತೋಷದಿಂದ ಒಪ್ಪುತ್ತೇನೆ. ನಾನು ಕೃದಂತದ ಬಗೆಯನ್ನು ಮಾತ್ರ ನೋಡಿದ್ದೆ, ಕಾಲವನ್ನು ನೋಡಿರಲಿಲ್ಲ. ‘ಹಾಕಿದ್ದನ್ನು’ ಎಂಬುದನ್ನು ನಾಳೆಯೇ ಕಪ್ಪುಹಲಗೆಯ ಮೇಲೆ ಸೇರಿಸುತ್ತೇನೆ.

ಆದರೂ ‘ಡಿಸೈಡ್’ ಎಂಬುದು ನನಗೆ ಇನ್ನೂ ತೊಡಕಾಗಿದೆ. ‘ಹೋಗುವುದೆಂದು ನಿರ್ಧರಿಸಿದೆ’ ಎನ್ನುತ್ತೇವೆ, ‘ಹೋಗಲು ನಿರ್ಧರಿಸಿದೆ’ ಎಂದೂ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಮಾತ್ರ ‘ಡಿಸೈಡೆಡ್ ಟು ಗೋ’ ಒಂದೇ. ಇಂತಹ ಕಡೆ ಕನ್ನಡ ಎರಡು ಬಾಗಿಲು ತೆರೆದಿಟ್ಟರೆ ಮಗು ಯಾವುದರಲ್ಲಿ ಹೋಗಬೇಕು? ಪಟ್ಟಿ ಕಲಿಯುವುದೊಂದೇ ದಾರಿ ಎಂದು ನನಗೆ ಅನ್ನಿಸುತ್ತದೆ.

ಬ್ಯಾಂಕ್ ಉದ್ಯೋಗಿ, ಭದ್ರಾವತಿ

ಒಂದು ಚಿಕ್ಕ ಪ್ರಶ್ನೆ. ಪತ್ರದ ಕೊನೆಯಲ್ಲಿ ‘ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಮೀಟಿಂಗ್ ಯು’ ಎಂದು ಬರೆಯಬೇಕೆಂದು ನಮ್ಮ ಮೇಲಧಿಕಾರಿ ಹೇಳುತ್ತಾರೆ. ಇಲ್ಲಿ ‘ಟು’ ಇದ್ದೂ ‘ಇಂಗ್’ ಬಂದಿದೆ. ಮೇಲೆ ಹೇಳಿದ ‘ಅಲು’ ಸೂತ್ರದ ಪ್ರಕಾರ ‘ಟು ಮೀಟ್’ ಆಗಬೇಕಲ್ಲವೇ?

ನಿವೃತ್ತ ಇಂಗ್ಲಿಷ್ ಉಪನ್ಯಾಸಕ, ಸಾಗರ

ನಿಮ್ಮ ಮೇಲಧಿಕಾರಿಗಳು ಹೇಳಿದ್ದು ಸರಿ. ಅಲ್ಲಿರುವ ‘ಟು’ ಕ್ರಿಯಾಪದಕ್ಕೆ ಸೇರಿದ್ದಲ್ಲ, ನಮ್ಮ ವಿಭಕ್ತಿಪ್ರತ್ಯಯದಂತಹ ಪದ. ಅದನ್ನು ಗುರುತಿಸುವ ಉಪಾಯವೂ ಸುಲಭ: ‘ಇಂಗ್’ ಪದದ ಜಾಗದಲ್ಲಿ ಹಬ್ಬದ ಹೆಸರೊಂದನ್ನು ಇಟ್ಟು ನೋಡಿ. ‘ಐ ಆಮ್ ಲುಕಿಂಗ್ ಫಾರ್ವರ್ಡ್ ಟು ದೀಪಾವಳಿ’ ಎನ್ನಬಹುದು. ನಾಮಪದ ಕೂರುವ ಜಾಗದಲ್ಲಿ ಕ್ರಿಯಾಪದ ಬರಬೇಕಾದರೆ ‘ಇಂಗ್’ ತೊಟ್ಟುಕೊಂಡೇ ಬರಬೇಕು. ‘ಲೀವಿಂಗ್ ವಿದೌಟ್ ಟೆಲಿಂಗ್’, ‘ಥಿಂಕಿಂಗ್ ಆಫ್ ಸೆಲಿಂಗ್’ ಮುಂತಾದ ಜೋಡಿಗಳಿಗೆಲ್ಲ ಇದೇ ಕಾರಣ. ಮಧ್ಯೆ ಆ ಸಣ್ಣ ಪದ ಬಂದು ಎರಡು ‘ಇಂಗ್’ಗಳನ್ನು ಬಿಡಿಸುವುದರಿಂದ ಕಿವಿಗೂ ಭಾರವಾಗುವುದಿಲ್ಲ.

ಹೀಗೆ ಬಿಡಿಸುವ ಕೆಲಸವನ್ನು ಕರ್ಮಪದವೂ ಮಾಡುತ್ತದೆ. ‘ಶಿ ಈಸ್ ಕೀಪಿಂಗ್ ಅಸ್ ವೇಟಿಂಗ್’ ಶುದ್ಧವಾದ ಇಂಗ್ಲಿಷ್. ಅನುವಾದಕಿಯವರು ಹೇಳಿದ ‘ಕೀಪಿಂಗ್ ಆಸ್ಕಿಂಗ್’ ಹಾಗಲ್ಲ. ವ್ಯತ್ಯಾಸ ಬರೀ ನಡುವಿನ ‘ಅಸ್’ ಎಂಬ ಪದದ್ದಲ್ಲ. ಮೊದಲನೆಯದರಲ್ಲಿ ‘ಕೀಪ್’ ಎಂದರೆ ಒಬ್ಬರನ್ನು ಒಂದು ಸ್ಥಿತಿಯಲ್ಲಿ ಇರಿಸುವುದು, ಅದು ನಿಜವಾದ ಕೆಲಸ. ಎರಡನೆಯದರಲ್ಲಿ ‘ಕೀಪ್’ ಹಂತಸೂಚಕ ಮಾತ್ರ.

ಇನ್ನು ಕನ್ನಡ ಮೇಷ್ಟ್ರು ಕೃದಂತಗಳ ಬಗ್ಗೆ ಬರೆದದ್ದನ್ನು ಓದುವಾಗ ಇಂಗ್ಲಿಷಿನ ಚರಿತ್ರೆ ನೆನಪಾಯಿತು. ಇಂಗ್ಲಿಷಿಗೂ ಒಂದು ಕಾಲದಲ್ಲಿ ಈ ಪಾತ್ರಗಳಿಗೆ ಬೇರೆ ಬೇರೆ ಪ್ರತ್ಯಯಗಳಿದ್ದವು. ಹಳೆಯ ಇಂಗ್ಲಿಷಿನಲ್ಲಿ ಕ್ರಿಯೆಯ ಹೆಸರಿಗೆ ‘ಉಂಗ್’ ಅಥವಾ ‘ಇಂಗ್’ ಹಚ್ಚುತ್ತಿದ್ದರು. ‘ಮಾಡುವ’, ‘ಮಾಡುತ್ತಿರುವ’ ಎಂಬ ಅರ್ಥಕ್ಕೆ ‘ಎಂಡೆ’ ಹಚ್ಚುತ್ತಿದ್ದರು. ಮಧ್ಯಕಾಲದ ಇಂಗ್ಲಿಷಿನಲ್ಲಿ ‘ಎಂಡೆ’ ಮಾಯವಾಗಿ, ಅದರ ಕೆಲಸವನ್ನೂ ‘ಇಂಗ್’ ವಹಿಸಿಕೊಂಡಿತು. ಸೋದರಭಾಷೆಯಾದ ಜರ್ಮನ್ನಿನಲ್ಲಿ ‘ಉಂಗ್’ ಮತ್ತು ‘ಎಂಡ್’ ಇಂದಿಗೂ ಬೇರೆ ಬೇರೆಯಾಗಿಯೇ ಉಳಿದಿವೆ. ಎರಡು ಪ್ರತ್ಯಯಗಳು ಒಂದಾದದ್ದರಿಂದಲೇ ಇಂಗ್ಲಿಷಿನಲ್ಲಿ ಇಷ್ಟು ‘ಇಂಗ್’ಗಳು ಒಂದೇ ವಾಕ್ಯದಲ್ಲಿ ಗುಂಪುಗೂಡುವಂತಾಯಿತು. ಹಡಲ್‌ಸ್ಟನ್ ಮತ್ತು ಪುಲ್ಲಮ್ ಎಂಬ ಭಾಷಾವಿಜ್ಞಾನಿಗಳು 2002ರಲ್ಲಿ ಹೊರತಂದ ಬೃಹತ್ ವ್ಯಾಕರಣವು ಆಧುನಿಕ ಇಂಗ್ಲಿಷಿನಲ್ಲಿ ಇವನ್ನು ಎರಡೆಂದು ಎಣಿಸುವುದನ್ನೇ ಕೈಬಿಟ್ಟು, ಒಂದೇ ಹೆಸರಿನಿಂದ ಕರೆಯಿತು. ಇಂಗ್ಲಿಷಿನ ರೂಪವನ್ನು ಮಾತ್ರ ನೋಡಿದರೆ ಅದು ಸರಿಯಾದ ತೀರ್ಮಾನ. ಆದರೆ ಕನ್ನಡದಿಂದ ಇಂಗ್ಲಿಷಿಗೆ ದಾಟುವ ಮಗುವಿಗೆ ಆ ಹಳೆಯ ಭೇದವೇ ಊರುಗೋಲು ಎಂದು ನಾನು ಭಾವಿಸುತ್ತೇನೆ, ಏಕೆಂದರೆ ಅವಳ ನಾಲಿಗೆಯಲ್ಲಿ ಅದು ಜೀವಂತವಾಗಿದೆ.

‘ಡಿಸೈಡ್’ ವಿಷಯದಲ್ಲಿ ಮೇಷ್ಟ್ರು ಹೇಳಿದ್ದನ್ನು ಪೂರ್ತಿ ಒಪ್ಪಲಾರೆ. ಪಟ್ಟಿ ಬೇಕು, ನಿಜ. ಆದರೆ ಡಿಸೈಡ್, ಹೋಪ್, ಪ್ಲಾನ್, ಪ್ರಾಮಿಸ್, ವಾಂಟ್ ಎಲ್ಲವೂ ಇನ್ನೂ ಆಗದ ಕೆಲಸದ ಕಡೆಗೆ ಮುಖ ಮಾಡಿವೆ, ಎಲ್ಲಕ್ಕೂ ‘ಟು’ ಬರುತ್ತದೆ. ಫಿನಿಶ್, ಎಂಜಾಯ್, ಅಡ್ಮಿಟ್, ಗಿವ್ ಅಪ್ ಎಂಬುವು ಆದ ಅಥವಾ ಆಗುತ್ತಿರುವ ಕೆಲಸವನ್ನು ಹಿಡಿದಿವೆ, ಅವಕ್ಕೆ ‘ಇಂಗ್’ ಬರುತ್ತದೆ. ಅನುವಾದಕಿಯವರು ‘ಹಾಕುವುದನ್ನು’, ‘ಹಾಕಿದ್ದನ್ನು’ ಎಂದು ತೋರಿಸಿದ ಭೇದವೇ ಇಲ್ಲಿಯೂ ಬಹುಮಟ್ಟಿಗೆ ಕೆಲಸ ಮಾಡುತ್ತದೆ. ‘ಕನ್ಸಿಡರ್’, ‘ಸಜೆಸ್ಟ್’ ಎಂಬಂತಹ ಕೆಲವು ಇದಕ್ಕೆ ಒಳಪಡುವುದಿಲ್ಲ, ಅವು ಮುಂದಿನ ಕೆಲಸಕ್ಕೂ ‘ಇಂಗ್’ ಕೇಳುತ್ತವೆ. ಪಟ್ಟಿಯಲ್ಲಿ ಅವಷ್ಟನ್ನೇ ಬರೆಸಿದರೆ ಮಕ್ಕಳ ಹೊರೆ ಇಳಿಯುತ್ತದೆ.

ತುಮರಿಯ ಕಡೆಯ ಓದುಗ

ನಾನು ವ್ಯಾಕರಣ ಓದಿದವನಲ್ಲ, ಆದರೆ ಒಂದು ವಾಕ್ಯ ಬಹಳ ವರ್ಷಗಳಿಂದ ಮನಸ್ಸಿನಲ್ಲಿದೆ. 2025ರಲ್ಲಿ ಶರಾವತಿ ಹಿನ್ನೀರಿನ ಮೇಲೆ ಸಿಗಂದೂರಿನ ಸೇತುವೆ ಸಂಚಾರಕ್ಕೆ ತೆರೆಯುವವರೆಗೂ ನಾವು ದಡದಲ್ಲಿ ಲಾಂಚಿಗಾಗಿ ಕಾಯುತ್ತಾ ನಿಲ್ಲುತ್ತಿದ್ದೆವು. ಊರು ಬಿಟ್ಟು ಹೋದ ಸ್ನೇಹಿತನಿಗೆ ಅದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ‘ವಿ ವರ್ ಸ್ಟ್ಯಾಂಡಿಂಗ್ ವೇಟಿಂಗ್ ಫಾರ್ ದಿ ಲಾಂಚ್’ ಎಂದು ಬರೆದಿದ್ದೆ. ಎರಡು ‘ಇಂಗ್’ ಒಟ್ಟಿಗೆ ಬಂದದ್ದು ತಪ್ಪೆಂದು ಅವನು ತಿದ್ದಿ ಕಳುಹಿಸಿದ. ತಪ್ಪೇ ಅದು?

ಸೇತುವೆಯ ಕೆಲಸ ನಡೆಯುತ್ತಿದ್ದಾಗ ‘ದಿ ಬ್ರಿಜ್ ಈಸ್ ಬೀಯಿಂಗ್ ಬಿಲ್ಡಿಂಗ್’ ಎಂದು ಬರೆದದ್ದನ್ನೂ ಅವನು ತಿದ್ದಿದ್ದ.

ಅನುವಾದಕಿ, ಶಿವಮೊಗ್ಗ

ಮೊದಲನೆಯದು ತಪ್ಪಲ್ಲ. ನಿಲ್ಲುವುದು, ಕೂರುವುದು, ಮಲಗುವುದು ಎಂಬ ಮೈಯ ಭಂಗಿಯ ಪದಗಳ ಜೊತೆ ಇನ್ನೊಂದು ‘ಇಂಗ್’ ಸಹಜವಾಗಿ ಬರುತ್ತದೆ. ಕಾಯುವುದು ನಿಲ್ಲುವುದರ ಕರ್ಮವಲ್ಲ, ಅದರ ಜೊತೆಗೇ ನಡೆಯುವ ಇನ್ನೊಂದು ಕೆಲಸ. ನೀವು ಕನ್ನಡದಲ್ಲಿ ‘ಕಾಯುತ್ತಾ’ ಎಂದದ್ದೇ ಅದಕ್ಕೆ ಸಾಕ್ಷಿ. ನಡುವೆ ‘ದೇರ್’ ಎಂಬ ಪದ ಸೇರಿಸಿ ‘ವಿ ವರ್ ಸ್ಟ್ಯಾಂಡಿಂಗ್ ದೇರ್ ವೇಟಿಂಗ್’ ಎಂದರೆ ಇನ್ನೂ ಹಗುರವಾಗುತ್ತದೆ, ‘ವಿ ಸ್ಟುಡ್ ವೇಟಿಂಗ್’ ಎಂದರೆ ಎಲ್ಲಕ್ಕಿಂತ ಚೊಕ್ಕ. ಒಂದು ಮಾತು ನೆನಪಿರಲಿ: ನಮ್ಮ ‘ಉತ್ತಾ’ ದ್ವಿರುಕ್ತಿಯಾಗುವಂತೆ ಇಂಗ್ಲಿಷಿನ ‘ಇಂಗ್’ ದ್ವಿರುಕ್ತಿಯಾಗುವುದಿಲ್ಲ. ‘ಹಾಡುತ್ತಾ ಹಾಡುತ್ತಾ ರಾಗ, ನರಳುತ್ತಾ ನರಳುತ್ತಾ ರೋಗ’ ಎಂಬ ಗಾದೆಯನ್ನು ‘ಸಿಂಗಿಂಗ್ ಸಿಂಗಿಂಗ್’ ಎಂದು ಮುಟ್ಟಿಸಲಾಗದು. ‘ನಡೆಯುತ್ತಾ ನಡೆಯುತ್ತಾ ಕತ್ತಲಾಯಿತು’ ಎಂಬುದನ್ನು ‘ಇಟ್ ಗ್ರೂ ಡಾರ್ಕ್ ಆಸ್ ವಿ ವಾಕ್ಡ್ ಆನ್’ ಎಂದು ವಾಕ್ಯವನ್ನೇ ಬಿಚ್ಚಿ ಕಟ್ಟಬೇಕು.

ಎರಡನೆಯದರಲ್ಲಿ ನಿಮ್ಮ ಸ್ನೇಹಿತರು ಸರಿ, ‘ಈಸ್ ಬೀಯಿಂಗ್ ಬಿಲ್ಟ್’ ಎಂದಾಗಬೇಕು. ‘ಕಟ್ಟಲ್ಪಡುತ್ತಿದೆ’ ಎಂಬಲ್ಲಿ ‘ಉತ್ತ’ ಒಮ್ಮೆ ಮಾತ್ರ ಬರುವ ಹಾಗೆ ಅಲ್ಲಿ ‘ಇಂಗ್’ ಒಮ್ಮೆ ಮಾತ್ರ. ಆದರೆ ಬೇಸರಪಡಬೇಡಿ. ಸುಮಾರು ಹದಿನೆಂಟನೆಯ ಶತಮಾನದ ಕೊನೆಯವರೆಗೂ ಇಂಗ್ಲಿಷರು ‘ದಿ ಹೌಸ್ ಈಸ್ ಬಿಲ್ಡಿಂಗ್’ ಎಂದೇ ಬರೆಯುತ್ತಿದ್ದರು, ‘ಈಸ್ ಬೀಯಿಂಗ್ ಬಿಲ್ಟ್’ ಬಳಕೆಗೆ ಬಂದಾಗ ಹತ್ತೊಂಬತ್ತನೆಯ ಶತಮಾನದ ಕೆಲವು ವ್ಯಾಕರಣಕಾರರು ಅದನ್ನು ಕಟುವಾಗಿ ಖಂಡಿಸಿದರು.

ಪ್ರೌಢಶಾಲಾ ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ನಮ್ಮ ಶಾಲೆಯ ಕನ್ನಡ ಶಿಕ್ಷಕರನ್ನೂ ತರಗತಿಗೆ ಕರೆದುಕೊಂಡು ಹೋಗಿ, ಹಲಗೆಯ ಅರ್ಧ ಭಾಗದಲ್ಲಿ ಅವರು ಕೃದಂತಗಳನ್ನು, ಇನ್ನರ್ಧದಲ್ಲಿ ನಾನು ಇಂಗ್ಲಿಷ್ ವಾಕ್ಯಗಳನ್ನು ಬರೆದೆವು. ಮಕ್ಕಳು ಗೆರೆ ಎಳೆದು ಜೋಡಿಸಿದರು. ‘ಡ್ರಿಂಕಿಂಗ್ ವಾಟರ್’ನಿಂದ ಮೂರು ಗೆರೆಗಳು ಹೊರಟಾಗ ತರಗತಿಯೇ ಗದ್ದಲವೆದ್ದಿತು.

ಪ್ರಶ್ನೆ ಕೇಳಿದ ಹುಡುಗಿ ಇನ್ನೊಂದು ವಾಕ್ಯ ತಂದಿದ್ದಾಳೆ. ಅವಳ ಅಕ್ಕ ಶಿವಮೊಗ್ಗದಲ್ಲಿ ನರ್ಸಿಂಗ್ ಸೇರುತ್ತಿದ್ದಾಳೆ. ‘ಮೈ ಸಿಸ್ಟರ್ ಈಸ್ ಸ್ಟಾರ್ಟಿಂಗ್ ನರ್ಸಿಂಗ್’ ಎಂದು ಬರೆದಿದ್ದಾಳೆ. ‘ಸ್ಟಾರ್ಟಿಂಗ್’ ಆದ ಮೇಲೆ ‘ಇಂಗ್’ ಬರಬಾರದಲ್ಲವೇ, ಆದರೂ ಇದು ನನಗೆ ಸರಿ ಎನ್ನಿಸುತ್ತಿದೆ, ಏಕೆ ಎಂದು ಕೇಳಿದಳು. ನಾನು ಈ ಬಾರಿ ಅವಳನ್ನೇ ಕೇಳಿದೆ: ‘ನರ್ಸಿಂಗ್’ ಎಂಬುದನ್ನು ಕನ್ನಡದಲ್ಲಿ ಏನೆನ್ನುತ್ತೀ? ಸ್ವಲ್ಪ ಯೋಚಿಸಿ, ‘ನರ್ಸಿಂಗ್ ಎಂದೇ ಎನ್ನುತ್ತೇವೆ, ಮೇಡಂ. ಅದು ಕೋರ್ಸಿನ ಹೆಸರು, ಉತ್ತಾ ಅಲ್ಲ, ಉವುದೂ ಅಲ್ಲ’ ಎಂದಳು. ‘ಹರ್ ನರ್ಸಿಂಗ್ ಕೋರ್ಸ್’ ಎಂದು ಹಿಂದೆ ಮುಂದೆ ಪದ ಸೇರಿಸಿದರೂ ವಾಕ್ಯ ನಿಲ್ಲುತ್ತದೆ ಎಂಬುದನ್ನು ಪಕ್ಕದ ಹುಡುಗ, ಆ ಫಿಶಿಂಗ್ ಬರೆದವನೇ, ಹೇಳಿದ. ಆ ವಾಕ್ಯಕ್ಕೆ ಸರಿ ಗುರುತು ಹಾಕಿದ್ದೇನೆ.

ಇನ್ನೊಂದು ಉಳಿದಿದೆ. ಗಂಟೆ ಹೊಡೆಯುವ ಹೊತ್ತಿಗೆ ಮಳೆ ಕಡಿಮೆಯಾಗುತ್ತಿತ್ತು, ಅದನ್ನು ‘ಇಟ್ ಈಸ್ ಸ್ಟಾಪಿಂಗ್ ರೇನಿಂಗ್’ ಎನ್ನಬಹುದೇ ಎಂದು ಅದೇ ಹುಡುಗಿ ಕೇಳಿದ್ದಾಳೆ. ‘ಸ್ಟಾಪಿಂಗ್ ಟು ರೇನ್’ ಎಂದರೆ ಅರ್ಥವೇ ಕೆಡುತ್ತದೆ, ಹಾಗಾದರೆ ಏನೆನ್ನಬೇಕು?

ನಿವೃತ್ತ ಇಂಗ್ಲಿಷ್ ಉಪನ್ಯಾಸಕ, ಸಾಗರ

ಇಂಗ್ಲಿಷ್ ಮಾತೃಭಾಷೆಯವರಲ್ಲಿಯೇ ಕೆಲವರು ಅದನ್ನು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ‘ಸ್ಟಾಪ್’ ಪದಕ್ಕೆ ಈ ಅರ್ಥದಲ್ಲಿ ‘ಟು’ ರೂಪಕ್ಕೆ ಸರಿಯುವ ದಾರಿಯಿಲ್ಲದಿರುವುದೇ ಆ ಇಕ್ಕಟ್ಟಿಗೆ ಕಾರಣ. ಆಕೆ ಮನೆಯಲ್ಲಿ ಹೇಗೆ ಹೇಳುತ್ತಾಳೋ ಹಾಗೆಯೇ ಬರೆಯಲಿ. ‘ಮಳೆ ನಿಲ್ಲುತ್ತಿದೆ’: ‘ದಿ ರೇನ್ ಈಸ್ ಸ್ಟಾಪಿಂಗ್’.